ನಮ್ಮ ಊಟದಲ್ಲಿ ಎಲ್ಲಾ ಇದೆ, ಬಿ12 ಒಂದು ಬಿಟ್ಟು!

"ನಮ್ಮ ಊಟದಲ್ಲಿ ಎಲ್ಲಾ ಇದೆ, ಮಾತ್ರೆಗೀತ್ರೆ ಯಾಕೆ?" ಈ ಮಾತು ಕೇಳಿದ್ರೆ ಈಗೀಗ ಮೈಯೆಲ್ಲಾ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ ಕೇಳಿ.

ಹೋದ ವರ್ಷ ಅಪ್ಪನಿಗೆ ಅಂಗಾಲು ಜೋಮು ಹಿಡಿಯೋಕೆ ಶುರುವಾಯ್ತು. ಚಿಕ್ಕಪ್ಪ "ವಾಯು" ಅಂದ್ರು, ಎಣ್ಣೆ ತಿಕ್ಕಿದ್ದಾಯ್ತು. ರಕ್ತ ಕಮ್ಮಿ ಅಂತ ಊರಿನ ಡಾಕ್ಟ್ರು ಕಬ್ಬಿಣ-ಫೋಲಿಕ್ ಆಸಿಡ್ ಮಾತ್ರೆ ಕೊಟ್ರು. ಹಿಮೋಗ್ಲೋಬಿನ್ ಏರಿತು, ಎಲ್ಲರಿಗೂ ಖುಷಿ. ಒಂದು ಬೆಳಿಗ್ಗೆ ಮುಖ ತೊಳೆಯೋಕೆ ಕಣ್ಣು ಮುಚ್ಚಿದವರು ಹಾಗೇ ಮುಗ್ಗರಿಸಿ ಬಚ್ಚಲಲ್ಲಿ ಬಿದ್ರು.

ನರರೋಗ ತಜ್ಞರು ಟ್ಯೂನಿಂಗ್ ಫೋರ್ಕ್ ಬಡಿದು ಕಾಲಿನ ಗಂಟಿಗೆ ಇಟ್ರು. "ಏನೂ ಗೊತ್ತಾಗ್ತಿಲ್ಲ" ಅಂದ್ರು ಅಪ್ಪ. ರಕ್ತ ಪರೀಕ್ಷೆಯಲ್ಲಿ ಬಿ12 ತಳ ಕಂಡಿತ್ತು.

ವಿಷಯ ಇಷ್ಟೇ. ನರಗಳ ಮೇಲೆ ಮಯಲಿನ್ ಅನ್ನೋ ಹೊದಿಕೆ ಇರುತ್ತೆ, ವೈರಿನ ಮೇಲಿನ ಪ್ಲಾಸ್ಟಿಕ್ ಥರ. ಬಿ12 ಇಲ್ಲದಿದ್ರೆ ಅದು ಹಾಳಾಗುತ್ತೆ. ಕಾಲು ಎಲ್ಲಿದೆ ಅನ್ನೋ ಸುದ್ದಿ ಮೆದುಳಿಗೆ ಒಯ್ಯೋ ತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿವೆ, ಪೆಟ್ಟು ಬೀಳೋದು ಅವಕ್ಕೆ. ಕಣ್ಣು ಬಿಟ್ಟಿದ್ದಾಗ ಕಣ್ಣೇ ಹೇಗೋ ಸುಧಾರಿಸುತ್ತೆ, ಮುಚ್ಚಿದ್ರೆ ಮನುಷ್ಯ ಬೀಳ್ತಾನೆ. ಫೋಲಿಕ್ ಆಸಿಡ್ ರಕ್ತವನ್ನು ಸರಿ ಮಾಡುತ್ತೆ, ನರವನ್ನಲ್ಲ. ಅಲಾರಂ ನಿಂತಿತು, ಬೆಂಕಿ ಉರೀತಾನೇ ಇತ್ತು! ರಾತ್ರಿಯೆಲ್ಲಾ ಕೂತು ಸರ್ವರ್ ಅಲಾರಂ ನೋಡೋ ನಾನು ಇದನ್ನು ನೋಡಲಿಲ್ಲ.

ಈಗ ಜಗಳಕ್ಕೆ ಬರೋಣ. ಬಿ12 ತಯಾರಿಸೋದು ಬ್ಯಾಕ್ಟೀರಿಯಾ ಥರದ ಸೂಕ್ಷ್ಮಜೀವಿಗಳು ಮಾತ್ರ. ಸೊಪ್ಪು, ಬೇಳೆ, ರಾಗಿಯಲ್ಲಿ ಅದಿಲ್ಲ. ಸ್ಪಿರುಲಿನಾದಲ್ಲಿರೋದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗವಿಲ್ಲದ ನಕಲಿ. "ಹಾಲು-ಮೊಸರು ಇದೆಯಲ್ಲ?" ಇದೆ ಸ್ವಾಮಿ. ದಿನಕ್ಕೆ ಬೇಕಾದ್ದು ಎರಡು ಮೈಕ್ರೋಗ್ರಾಂ ಚಿಲ್ಲರೆ, ದೊಡ್ಡ ಲೋಟ ಹಾಲಲ್ಲಿ ಸಿಗೋದು ಸುಮಾರು ಒಂದು. ಅಪ್ಪನಿಗೆ ಸಿಗ್ತಿದ್ದದ್ದು ಕಾಫಿಗೆ ಎರಡು ಚಮಚ ಹಾಲು, ಊಟಕ್ಕೆ ನೀರು ಮಜ್ಜಿಗೆ. ಜೊತೆಗೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ. ಹೊಟ್ಟೆಯ ಆಮ್ಲ ತಗ್ಗಿದ್ರೆ ಊಟದಲ್ಲಿರೋ ಬಿ12 ಕೂಡ ಸರಿಯಾಗಿ ದಕ್ಕಲ್ಲ.

"ನಮ್ಮಜ್ಜ ಮಾತ್ರೆ ನುಂಗಿದ್ರಾ?" ಇಲ್ಲ. ಅಜ್ಜ ತಡವರಿಸಿ ಕೋಲು ಹಿಡಿದಾಗ "ವಯಸ್ಸಾಯ್ತು" ಅಂದು ಸುಮ್ಮನಾದ್ವಿ, ಅಷ್ಟೇ. ಪರೀಕ್ಷೆ ಯಾರು ಮಾಡಿಸಿದ್ರು?

ನಾನೂ ಸಸ್ಯಾಹಾರಿಯೇ, ನಾಳೆಯೂ ಹಾಗೇ ಇರ್ತೀನಿ. ಆದ್ರೆ ಆ ಹೆಮ್ಮೆಗೆ ಅಪ್ಪನ ಬೆನ್ನುಹುರಿ ಬಲಿ ಕೊಡೋಕೆ ತಯಾರಿಲ್ಲ. ಮಾತ್ರೆಯಲ್ಲಿರೋ ಬಿ12 ಕೂಡ ಬ್ಯಾಕ್ಟೀರಿಯಾ ಬೆಳೆಸಿ ತೆಗೆದದ್ದೇ. ಅದರಿಂದ ಯಾರ ಮಡಿಯೂ ಕೆಡಲ್ಲ.

ಇಂಜೆಕ್ಷನ್ ತಗೊಂಡು ಅಪ್ಪ ಈಗ ನಡೀತಾರೆ. ಜೋಮು ಮಾತ್ರ ಪೂರ್ತಿ ಹೋಗಿಲ್ಲ, ನಾವು ತಡ ಮಾಡಿದ್ವಿ. ನನ್ನನ್ನು ಬೈಯೋರು ಧಾರಾಳವಾಗಿ ಬೈಯಿರಿ. ಅದಕ್ಕೂ ಮೊದಲು ಊರಿಗೆ ಫೋನ್ ಮಾಡಿ ಒಂದು ಮಾತು ಕೇಳಿ: "ಅಪ್ಪಾ, ಕಾಲು ಜೋಮು ಹಿಡಿಯುತ್ತಾ?"