ಚೈನೋ, ಬೆಲ್ಟೋ? ಬೆರಳುಗಳ ಲೆಕ್ಕವೂ ಇರಲಿ

ಪುಣೆ–ನಾಸಿಕ ರಸ್ತೆಯ ಮೇಲಿರುವ ಚಾಕಣ ಒಂದು ಕಾಲಕ್ಕೆ ತನ್ನ ಕೋಟೆಗೂ ಈರುಳ್ಳಿ ಪೇಟೆಗೂ ಹೆಸರಾಗಿದ್ದ ಊರು. 1999ರಲ್ಲಿ ಬಜಾಜ್ ಸಂಸ್ಥೆಯ ಕಾರ್ಖಾನೆ ಅಲ್ಲಿ ಕೆಲಸ ಆರಂಭಿಸಿದ ತರುವಾಯ ಊರಿನ ಹೆಸರು ಮೋಟಾರ್ ಸೈಕಲ್ಲಿನೊಂದಿಗೆ ಬೆಸೆದುಕೊಂಡಿತು. 2001ರ ಪಲ್ಸರ್, 2012ರ ಕೆಟಿಎಂ 200 ಡ್ಯೂಕ್, 2016ರ ಡೊಮಿನಾರ್ 400, 2023ರ ಟ್ರಯಂಫ್ ಸ್ಪೀಡ್ 400, ಇವೆಲ್ಲವೂ ಚಾಕಣದ ಕೂಸುಗಳೇ. ಉದ್ಯೋಗವನ್ನರಸಿ ಕರ್ನಾಟಕದಿಂದ ಪುಣೆಗೆ ಬಂದು ನೆಲೆಸಿದ ಯುವಕನಿಗೆ ನಾಲ್ಕು ಕಾಸು ಕೈಗೂಡಿದೊಡನೆ ಇಂಥದೊಂದು ವಾಹನದ ಮೇಲೆ ಮನಸ್ಸು ಹೋಗುವುದು ಸಹಜ.

ಈ ವಾಹನಗಳೆಲ್ಲದರಲ್ಲಿಯೂ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವುದು ಉಕ್ಕಿನ ಚೈನು. ಆದರೆ ಅಮೆರಿಕದ ಹಾರ್ಲೆ-ಡೇವಿಡ್ಸನ್ ಕಂಪೆನಿಯ ಭಾರೀ ವಾಹನಗಳಲ್ಲಿ ಈ ಕೆಲಸವನ್ನು ಹಲ್ಲುಗಳುಳ್ಳ ಬೆಲ್ಟು ನಿರ್ವಹಿಸುತ್ತದೆ. ವಿನೋದವೆಂದರೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕಂಪೆನಿ ಚರ್ಮದ ಬೆಲ್ಟಿನಿಂದಲೇ ಹೊರಟು, ಬಳಿಕ ಚೈನಿಗೆ ಬಂದು, 1980ರಲ್ಲಿ ‘ಸ್ಟರ್ಜಿಸ್’ ಎಂಬ ಮಾದರಿಯ ಮೂಲಕ ಮತ್ತೆ ಬೆಲ್ಟಿಗೆ ಮರಳಿತು. ಈ ಸಲದ ಬೆಲ್ಟು ಚರ್ಮದ್ದಲ್ಲ. ಬಲಿಷ್ಠವಾದ ಕೃತಕ ನಾರುಗಳನ್ನು ಒಳಗಿರಿಸಿದ ರಬ್ಬರಿನಂಥ ವಸ್ತುವಿನದು. ಅದಕ್ಕೆ ಎಣ್ಣೆ ಬೇಡ, ಸದ್ದು ಕಡಿಮೆ, ಪ್ಯಾಂಟಿಗೆ ಮಸಿಯಿಲ್ಲ. ಒಳ್ಳೆಯ ರಸ್ತೆಯಲ್ಲಿ ಅದು ಚೈನಿಗಿಂತ ಹಲವು ಪಟ್ಟು ದೂರ ಬಾಳುತ್ತದೆ. ಇಷ್ಟು ಗುಣಗಳಿದ್ದೂ ಚಾಕಣದವರು ಅದನ್ನೇಕೆ ಒಪ್ಪಲಿಲ್ಲ?

ಇದು ಬರಿಯ ಜಿಪುಣತನವೆಂದು ತೀರ್ಮಾನಿಸುವುದು ಅನ್ಯಾಯ. ಬೆಲ್ಟಿಗೆ ಅಗಲವಾದ ಗಾಲಿ ಬೇಕು, ಸ್ಥಳ ಬೇಕು. ಬೆಲ್ಟಿಗೂ ಗಾಲಿಗೂ ನಡುವೆ ಒಂದು ಹರಳು ಸಿಕ್ಕರೆ ತೂತು ಬೀಳುತ್ತದೆ. ತೂತು ಬಿದ್ದ ಬೆಲ್ಟಿಗೆ ದಾರಿಯಲ್ಲಿ ಚಿಕಿತ್ಸೆಯಿಲ್ಲ. ಅದನ್ನು ಬದಲಿಸಬೇಕಾದರೆ ಬಹುತೇಕ ವಾಹನಗಳಲ್ಲಿ ಹಿಂಚಕ್ರವನ್ನು ಹಿಡಿದಿರುವ ತೋಳನ್ನೇ ಕಳಚಬೇಕು. ಚೈನಾದರೋ ಕಡಿದರೆ ಕೊಂಡಿ ಹಾಕಿ ಮುಂದಿನ ಊರು ಸೇರಬಹುದು. ಪುಣೆಯಿಂದ ಬೆಳಗಾವಿಯವರೆಗೆ ಯಾವ ಊರಿನ ಮೆಕ್ಯಾನಿಕ್ಕಿಗೂ ಅದು ಪರಿಚಿತ. ಗುಂಡಿ ಬಿದ್ದ ದಾರಿಯಲ್ಲಿ ಹಿಂಚಕ್ರ ಹೆಚ್ಚಾಗಿ ಮೇಲೆ ಕೆಳಗೆ ಆಡುವಾಗ ಉಂಟಾಗುವ ಬಿಗಿ-ಸಡಿಲಗಳನ್ನು ಚೈನು ಸಹಿಸುವಷ್ಟು ಬೆಲ್ಟು ಸಹಿಸದು. ಜರ್ಮನಿಯ ಬಿಎಂಡಬ್ಲ್ಯು ಕಂಪೆನಿ 2006ರಲ್ಲಿ ತನ್ನ ಎಫ್ 800 ಎಸ್ ಮತ್ತು ಎಸ್‌ಟಿ ಮಾದರಿಗಳಿಗೆ ಬೆಲ್ಟನ್ನು ಅಳವಡಿಸಿತು. ಅದೇ ವರ್ಗದ ಎಂಜಿನ್ನಿನಿಂದ ಕಚ್ಚಾದಾರಿಗೆಂದು ರೂಪಿಸಿದ ಎಫ್ 800 ಜಿಎಸ್‌ಗೆ ಮಾತ್ರ ಚೈನನ್ನೇ ಉಳಿಸಿಕೊಂಡಿತು. ಒಂದೇ ಮನೆಯವರು ದಾರಿಯನ್ನು ನೋಡಿ ಎರಡು ಬಗೆಯಾಗಿ ತೀರ್ಮಾನಿಸಿದ್ದು ಗಮನಾರ್ಹ.

ಆದುದರಿಂದ ನಮ್ಮ ರಸ್ತೆಗಳಿಗೆ, ನಮ್ಮ ಹಣದ ಚೀಲಕ್ಕೆ, ಚೈನೇ ತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಅಂಗಡಿಯವನು ಹೇಳುವುದು ಖರೀದಿಯ ಬೆಲೆಯನ್ನು; ಸವಕಳಿಯ ಬಾಬನ್ನು ಅವನು ಬಾಯಿ ಬಿಡುವುದಿಲ್ಲ. ತೆರೆದ ಚೈನಿನ ಮೇಲೆ ಎಣ್ಣೆಯೂ ದೂಳೂ ಬೆರೆತರೆ ಅದು ಉಜ್ಜುಪುಡಿಯಂತಾಗಿ ಉಕ್ಕನ್ನೇ ತಿನ್ನುತ್ತದೆ. ಚಾಕಣದ ಸುತ್ತಲಿನ ಲಾರಿ ದೂಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಮಾರು ಐನೂರು ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಅದಕ್ಕೂ ಮುಂಚೆ, ಅದನ್ನು ಒರೆಸಿ ಎಣ್ಣೆ ಹಾಕಬೇಕು. ಈ ಸೇವೆಯನ್ನು ಸಲ್ಲಿಸುವುದು ಯಾರು? ಮಾಲೀಕನ ಎರಡು ಕೈಗಳು.

ಆರೋಗ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಮೋಟಾರ್ ಸೈಕಲ್ಲಿನ ಪ್ರಸ್ತಾಪ ಬಂದುದೇ ಆ ಕೈಗಳಿಗಾಗಿ. ವಾಹನವನ್ನು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಗೇರು ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆಯನ್ನು ಹಿಡಿಯುವ ದುರಭ್ಯಾಸ ಬಹಳ ಮಂದಿಗಿದೆ. ಬೇಗ ಮುಗಿಯುತ್ತದೆಂಬುದೇ ಅದರ ಆಕರ್ಷಣೆ. ಬಟ್ಟೆಯ ಒಂದು ತುದಿ ಹಲ್ಲುಚಕ್ರಕ್ಕೆ ಸಿಕ್ಕಿದರೆ ಬೆರಳು ಅದರ ಹಿಂದೆಯೇ ಹೋಗುತ್ತದೆ; ಕಣ್ಣು ಮಿಟುಕಿಸುವಷ್ಟರಲ್ಲಿ ತುದಿ ಕತ್ತರಿಸಿಹೋಗುತ್ತದೆ. ಕೈ ಶಸ್ತ್ರಚಿಕಿತ್ಸಕರಿಗೆ ಇದು ಚಿರಪರಿಚಿತವಾದ ಗಾಯ. ಬೆಲ್ಟಿನ ಸಂದಿಗೂ ಬೆರಳು ಸಿಕ್ಕಬಹುದು, ನಿಜ. ಆದರೆ ಎಣ್ಣೆ ಬೇಡದ ಕಡೆಗೆ ಕೈ ಹೋಗುವ ಪ್ರಸಂಗವೇ ವಿರಳ. ಬೆಲ್ಟಿನ ಈ ಒಂದು ಸದ್ಗುಣವನ್ನು ಯಾವ ಜಾಹೀರಾತೂ ಹೇಳಿದಂತಿಲ್ಲ.

ಇದಕ್ಕೆ ಮೂರನೆಯ ಮಾರ್ಗವೊಂದು ಉಂಟು, ಅದೂ ಕನ್ನಡ ನಾಡಿನ ಮನೆಬಾಗಿಲಲ್ಲಿಯೇ ಇದ್ದದ್ದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ನೆನೆಯಬೇಕು. ಅವುಗಳ ಚೈನು ಉದ್ದಕ್ಕೂ ಕವಚದೊಳಗೆ ಅಡಗಿರುತ್ತಿತ್ತು. ದೂಳಿಗೂ ಪ್ರವೇಶವಿಲ್ಲ, ಬೆರಳಿಗೂ ಇಲ್ಲ. ಇಂದಿಗೂ ನೂರು ಸಿಸಿಯ ಎಷ್ಟೋ ವಾಹನಗಳಲ್ಲಿ ಅಂಥ ಕವಚವಿದೆ. ಶಕ್ತಿಶಾಲಿ ವಾಹನಗಳಲ್ಲಿ ಮಾತ್ರ ಅಂದಕ್ಕಾಗಿ ಚೈನು ಬೆತ್ತಲೆ. ಕವಚದಿಂದ ತೂಕ ಹೆಚ್ಚುತ್ತದೆ, ಸವೆತ ಕಣ್ಣಿಗೆ ಬೀಳದು ಎಂಬ ಆಕ್ಷೇಪಣೆಗಳಲ್ಲಿ ಹುರುಳಿಲ್ಲದಿಲ್ಲ. ಆದರೂ ನಾನೂರು ಸಿಸಿ ಎಂಜಿನ್ನನ್ನು ರೂಪಿಸಬಲ್ಲ ಇಂಜಿನಿಯರುಗಳಿಗೆ ತೆರೆದು ನೋಡಬಹುದಾದ ಹಗುರವಾದ ಒಂದು ಕವಚ ಅಸಾಧ್ಯವೆಂದರೆ ನಂಬುವುದು ಕಷ್ಟ. ಕಡೆಯ ಪಕ್ಷ ಹಿಂಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ನಡುಸ್ಟ್ಯಾಂಡನ್ನಾದರೂ ಕೊಡಬೇಕು. ಅದಿಲ್ಲದಿರುವುದರಿಂದಲೂ ಜನ ಅಡ್ಡದಾರಿ ಹಿಡಿಯುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದೆ ಕುಳಿತವರ ಸೀರೆ-ಧೋತರ ಸಿಕ್ಕದಿರಲೆಂದು ಹಿಂಚಕ್ರದ ಅರ್ಧಭಾಗಕ್ಕಾದರೂ ರಕ್ಷಣೆಯಿರಬೇಕೆಂದು ವಿಧಿಸಿವೆ. ಸೆರಗಿಗೆ ಸಂದ ಆ ಕಾಳಜಿ ಬೆರಳಿಗೂ ಸಲ್ಲಬೇಕಲ್ಲವೇ?

ಕಂಪೆನಿಗಳು ಮನಸ್ಸು ಮಾಡುವ ತನಕ ಮಾಲೀಕರು ಅನುಸರಿಸಬೇಕಾದ ಕ್ರಮ ಸರಳವಾದುದು. ಎಂಜಿನ್ ಆರಿಸಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಸ್ಟ್ಯಾಂಡಿನ ಮೇಲೆ ಹಿಂಚಕ್ರವನ್ನೆತ್ತಿ, ಕೈಯಿಂದಲೇ ತಿರುಗಿಸುತ್ತ, ಹಲ್ಲುಚಕ್ರಗಳಿಂದ ದೂರದಲ್ಲಿ, ಚೈನಿನ ಕೆಳಭಾಗದಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಪೆಟ್ರೋಲು ಬೇಡ, ಚೈನಿನೊಳಗೆ ಗ್ರೀಸನ್ನು ಹಿಡಿದಿಟ್ಟಿರುವ ರಬ್ಬರ್ ಉಂಗುರಗಳನ್ನು ಅದು ಕೆಡಿಸುತ್ತದೆ. ಹತ್ತಿರದಲ್ಲಿ ಆಡುವ ಮಕ್ಕಳನ್ನು ಮೊದಲೇ ಒಳಗೆ ಕಳುಹಿಸಬೇಕು.

ಇಷ್ಟರ ಮೇಲೂ ಅನಾಹುತವಾದರೆ, ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿರಬೇಕು. ಕಡಿದುಹೋದ ತುಂಡನ್ನು ಎಸೆಯದೆ, ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿರಿಸಬೇಕು. ಮಂಜುಗಡ್ಡೆಯ ಮೇಲೆ ನೇರವಾಗಿ ಇಟ್ಟರೆ ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತದೆ. ಅರಿಸಿನ, ಕಾಫಿಪುಡಿ, ಗ್ರೀಸು ಮೊದಲಾದ ಮನೆಮದ್ದುಗಳನ್ನು ಮೆತ್ತದೆ, ಬೆರಳನ್ನು ಮರುಜೋಡಿಸುವ ಸೌಲಭ್ಯವುಳ್ಳ ಆಸ್ಪತ್ರೆಗೆ ದೂರವಾಣಿ ಮಾಡಿ, ಸಾಧ್ಯವಾದಷ್ಟು ಬೇಗ ತಲುಪಬೇಕು.