ಅಣಬೆಯ ಕೋಣೆಗೆ ಎಂತಹ ಫ್ಯಾನು ಬೇಕು?

ಮಳೆ ಹಿಡಿದು ಎರಡು ಮೂರು ವಾರಗಳು ಕಳೆಯುವಷ್ಟರಲ್ಲಿ ಕಾರವಾರ, ಅಂಕೋಲೆ ತಾಲೂಕುಗಳ ಬೇಣಗಳಲ್ಲಿಯೂ ಹುತ್ತಗಳ ಬದಿಯಲ್ಲಿಯೂ ಅಣಬೆಗಳು ತಾವಾಗಿ ತಲೆಯೆತ್ತುವುವು. ಅವುಗಳಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ನೀರು ಹನಿಸುವುದಿಲ್ಲ. ನೆರಳು, ತೇವ, ಕೊಳೆತ ಪದಾರ್ಥ ಇವಿಷ್ಟು ದೊರೆತರೆ ಅವಕ್ಕೆ ಸಾಕೆಂದು ನೋಡಿದವರು ತಿಳಿಯುವರು. ಆದರೆ ನಾಲ್ಕನೆಯದೊಂದು ಅಲ್ಲಿ ಧಾರಾಳವಾಗಿರುವುದರಿಂದಲೇ ಕಣ್ಣಿಗೆ ಬೀಳದೆ ಹೋಗುವುದು. ಅದು ಗಾಳಿ. ಮನುಷ್ಯನು ಅಣಬೆಯನ್ನು ಮನೆಯೊಳಕ್ಕೆ ತಂದಾಗ ಹುಲ್ಲನ್ನು ಕೊಟ್ಟನು, ನೀರನ್ನು ಕೊಟ್ಟನು, ಕತ್ತಲೆಯನ್ನೂ ಕೊಟ್ಟನು. ಗಾಳಿಯನ್ನು ಮಾತ್ರ ಹೊರಗೆ ಬಿಟ್ಟು ಬಂದನು. ಕೋಣೆಯ ಬೇಸಾಯದಲ್ಲಿ ಕೈಸೋತವರ ಪೈಕಿ ಹಲವರ ಸೋಲಿಗೆ ಮೂಲವು ಇಲ್ಲಿಯೇ ಇರುವುದು.

ಕರಾವಳಿಯ ಈ ಎರಡು ತಾಲೂಕುಗಳಲ್ಲಿ ಕೋಣೆಯ ಬೇಸಾಯಕ್ಕೆ ಕಾರಣಗಳುಂಟು. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಉಳುವ ನೆಲವೇ ಅಲ್ಪ. ಅದರಲ್ಲಿಯೂ ‘ಸೀಬರ್ಡ್’ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ಅದು ಕೆಲಸಕ್ಕೆ ತೊಡಗುವಷ್ಟರಲ್ಲಿ, ಗದ್ದೆ ತೋಟಗಳನ್ನು ಬಿಟ್ಟುಕೊಟ್ಟು ಮನೆಯ ನಿವೇಶನವೊಂದರಲ್ಲಿ ನೆಲಸಿದ ಕುಟುಂಬಗಳು ಅನೇಕವಾದವು. ಅಂತಹವರಿಗೆ ಹಿತ್ತಿಲ ಕೋಣೆಯೊಂದೇ ಹೊಲ. ಬತ್ತದ ಹುಲ್ಲು ಊರಿನಲ್ಲಿಯೇ ಸಿಕ್ಕುವುದು. ಚಿಪ್ಪಣಬೆಯು 20ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬರುವುದು. ಅದಕ್ಕೂ ಹೆಚ್ಚಿನ ಸೆಕೆಗೆ ಹಾಲಣಬೆಯುಂಟು. ಕೊಯ್ದ ಮಾಲು ಕಾರವಾರದ ಭಾನುವಾರದ ಸಂತೆಗೂ ಗಡಿಯಾಚೆ ಗೋವೆಗೂ ಹೋಗಬಲ್ಲುದು. ಇಷ್ಟು ಅನುಕೂಲಗಳಿದ್ದೂ ಹೂಡಿದ ಹಣವು ಉದ್ದನೆಯ ಕಾಲು, ಗುಂಡಿಯಷ್ಟು ತಲೆಯುಳ್ಳ ಮಾರಲಾಗದ ಅಣಬೆಯಾಗಿ ಹೊರಬಂದರೆ, ನಷ್ಟವನ್ನು ತಡೆಯುವ ಶಕ್ತಿ ಆ ಮನೆಗಳಿಗಿಲ್ಲ.

ಅಣಬೆಯು ಹಸಿರು ಗಿಡದಂತಲ್ಲ. ಪ್ರಾಣಿಗಳಂತೆ ಅದು ಆಮ್ಲಜನಕವನ್ನು ಹೀರಿ ಇಂಗಾಲಾಮ್ಲವಾಯುವನ್ನು ಬಿಡುವುದು. ಹೊರಗಿನ ಗಾಳಿಯಲ್ಲಿ ಆ ವಾಯುವು ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು ಇರುವುದು. ಬೀಜವು ಹುಲ್ಲಿನಲ್ಲಿ ಹಬ್ಬುವ ಮೊದಲ ಹದಿನೈದು ಇಪ್ಪತ್ತು ದಿನಗಳಲ್ಲಿ ಇದು ಎಷ್ಟೋ ಪಾಲು ಏರಿದರೂ ಬಾಧಕವಿಲ್ಲ. ಮೊಗ್ಗು ಮೂಡಿದ ಮೇಲಾದರೋ ಸಾವಿರದೊಳಗೆ ಇಡುವುದು ಮೇಲು. ಏರಿದರೆ ಚಿಪ್ಪಣಬೆಯು ಗಾಳಿಯನ್ನು ಹುಡುಕುವಂತೆ ಕಾಲನ್ನು ನೀಳಮಾಡಿಕೊಂಡು ತಲೆಯನ್ನು ಕುಗ್ಗಿಸುವುದು. ಆದುದರಿಂದ ಫ್ಯಾನಿನ ಕೆಲಸವು ವರ್ಷವಿಡೀ ಅಲ್ಲ, ಬೆಳೆಯ ಒಂದು ಅವಧಿಯಲ್ಲಿ ಮಾತ್ರ. ಆದರೆ ಆ ಅವಧಿಯಲ್ಲಿ ಅದು ತಪ್ಪುವಂತಿಲ್ಲ.

ಈಗ ಪೇಟೆಯಲ್ಲಿ ಕೊಳವೆಯ ನಡುವೆ ಕೂರಿಸುವ ‘ಇನ್‌ಲೈನ್’ ಫ್ಯಾನುಗಳು ಬಗೆಬಗೆಯಾಗಿ ದೊರೆಯುತ್ತಿವೆ. ಅವುಗಳಲ್ಲಿ ಯಾವುದು ಅಗ್ಗವೆಂದು ಕೇಳುವುದಕ್ಕೆ ಮುಂಚೆ, ಅದು ಬೇಕೇ ಎಂಬುದನ್ನು ಕೇಳಿಕೊಳ್ಳುವುದು ಯುಕ್ತ. ಕೋಣೆಯ ಒಂದು ಗೋಡೆ ನೇರವಾಗಿ ಬಯಲಿಗಿದ್ದರೆ ಬೇಕಾಗಿಲ್ಲ. ಅಡಿಗೆಮನೆಗಳಲ್ಲಿ ಎಲ್ಲರೂ ಕಂಡಿರುವ ಸಾದಾ ಎಗ್ಸಾಸ್ಟ್ ಫ್ಯಾನನ್ನು ಗೋಡೆಯಲ್ಲಿ ಕೂರಿಸಿದರೆ, ಎಷ್ಟೋ ಕಡಿಮೆ ಬೆಲೆಯಲ್ಲಿ ಅಷ್ಟೇ ಗಾಳಿ ಹೊರಕ್ಕೆ ಹೋಗುವುದು. ಗೋಡೆಯಿದ್ದೂ ಕೊಳವೆಯ ಫ್ಯಾನನ್ನು ಕೊಳ್ಳುವುದು ಹೊಳೆಯ ದಂಡೆಯಲ್ಲಿ ಕುಳಿತು ಬಾವಿ ತೋಡಿದಂತೆ.

ಕೋಣೆಯು ಮನೆಯ ನಡುವಿದ್ದು ಗಾಳಿಯು ಇನ್ನೊಂದು ಕೋಣೆಯನ್ನೋ ಓಣಿಯನ್ನೋ ದಾಟಿ ಹೊರಬೀಳಬೇಕಾದಾಗ ಮಾತ್ರ ಇನ್‌ಲೈನ್ ಫ್ಯಾನಿಗೆ ಸ್ಥಾನವುಂಟು. ಆಗ ಅದು ಆಡಂಬರವಲ್ಲ, ಆರೋಗ್ಯದ ವಿಷಯ. ಚಿಪ್ಪಣಬೆಯು ಬಲಿತಂತೆ ಅಸಂಖ್ಯಾತವಾಗಿ ಕಣಬೀಜಗಳನ್ನು ಉದುರಿಸುವುದು. ದಿನವೂ ಅದನ್ನು ಉಸಿರಾಡುವವರ ಪೈಕಿ ಕೆಲವರಿಗೆ ಕೆಮ್ಮು, ಜ್ವರ, ಏದುಸಿರು ತಗಲುವುದು. ಅಣಬೆಯ ಕೆಲಸಗಾರರ ಶ್ವಾಸಕೋಶದ ಈ ಬೇನೆಯನ್ನು ವೈದ್ಯರು ಬಹಳ ಕಾಲದಿಂದ ಬಲ್ಲರು. ಬೆಳಿಗ್ಗೆ ಕೊಯ್ಲಿಗೆ ಕೋಣೆಯನ್ನು ಹೊಕ್ಕುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ಪಕ್ಕದ ಕೋಣೆಯಲ್ಲಿ ಮಲಗುವವರು ಮಕ್ಕಳು ಮುದುಕರು. ಹೀಗಿರುವಲ್ಲಿ ಫ್ಯಾನನ್ನು ಅಣಬೆಯ ಕೋಣೆಯೊಳಗೇ ಕೂರಿಸಿ ಗಾಳಿಯನ್ನು ಉದ್ದನೆಯ ಪೈಪಿಗೆ ತಳ್ಳುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಪೈಪಿನ ಪ್ರತಿಯೊಂದು ಸಂದಿಯೂ ಆ ಧೂಳನ್ನು ಮನೆಯೊಳಕ್ಕೆ ಉಗುಳುವುದು. ಫ್ಯಾನನ್ನು ಪೈಪಿನ ಹೊರತುದಿಗೆ ಕೂರಿಸಿದರೆ ಪೈಪು ಸೆಳೆತದಲ್ಲಿರುವುದರಿಂದ ಸಂದಿಗಳು ಮನೆಯ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುವೇ ಹೊರತು ಏನನ್ನೂ ಹೊರಕ್ಕೆ ಬಿಡವು. ಬೆಲೆಯಲ್ಲಿ ಕಾಸಿನ ವ್ಯತ್ಯಾಸವಿಲ್ಲದ ಈ ಒಂದು ಮಾತನ್ನು ತರಬೇತಿ ಕೊಡುವವರು ಮೊದಲು ಹೇಳಬೇಕಾದುದು. ಕೊಯ್ಲಿಗೆ ಅರ್ಧ ಗಂಟೆ ಮುಂಚೆ ಫ್ಯಾನನ್ನು ಪೂರ್ಣ ವೇಗದಲ್ಲಿ ಬಿಡುವುದು, ತಲೆಯ ಅಂಚು ಮೇಲಕ್ಕೆ ಮಡಿಯುವುದರೊಳಗೆ ಕೊಯ್ಯುವುದು, ಮೂಗಿಗೆ ಮಾಸ್ಕು ಕಟ್ಟುವುದು ಇವೂ ಜೊತೆಗಿರಲಿ.

ಗಾತ್ರವನ್ನು ಗೊತ್ತುಮಾಡುವುದಕ್ಕೆ ದೊಡ್ಡ ಲೆಕ್ಕವೇನೂ ಬೇಡ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ 1080 ಘನ ಅಡಿ ಗಾಳಿಯಿರುವುದು. ಗಂಟೆಗೆ ಆರು ಸಲ ಅದನ್ನು ಬದಲಿಸಬೇಕೆಂದರೆ 6480 ಘನ ಅಡಿ, ಎಂದರೆ ನಿಮಿಷಕ್ಕೆ 108. ಪೆಟ್ಟಿಗೆಗಳ ಮೇಲೆ ಇದನ್ನು ಗಂಟೆಗೆ ಇಷ್ಟು ಘನಮೀಟರು ಎಂದು ಬರೆದಿರುವುದೂ ಉಂಟು. ನಿಮಿಷದ ಘನ ಅಡಿಯನ್ನು 1.7ರಿಂದ ಗುಣಿಸಿದರೆ ಆ ಅಂಕಿ ಬರುವುದು. ಇಲ್ಲಿ ಅದು ಸುಮಾರು 184. ಈ ಲೆಕ್ಕವು ಅಂದಾಜಿನದು. ಉಸಿರಾಡುವುದು ಕೋಣೆಯಲ್ಲ, ಅದರೊಳಗಿನ ಚೀಲಗಳು. ಅಂಗುಲ ಬಿಡದೆ ಚೀಲ ತೂಗಿದವನಿಗೆ ಎಂಟು ಸಲವೂ ಬೇಕಾದೀತು, ವಿರಳವಾಗಿ ತೂಗಿದವನಿಗೆ ನಾಲ್ಕು ಸಲವೇ ಸಾಕಾದೀತು.

ಆದರೆ 184 ಘನಮೀಟರಿನ ಫ್ಯಾನನ್ನು ತಂದರೆ 184 ಬರುವುದಿಲ್ಲ. ಪೆಟ್ಟಿಗೆಯ ಮೇಲೆ ಕಾಣುವ ದೊಡ್ಡ ಅಂಕಿಯು ಮುಂದೆ ಹಿಂದೆ ಏನೂ ಅಡ್ಡವಿಲ್ಲದಾಗ ಅಳೆದದ್ದು. ನೊಣದ ಬಲೆ, ಪೈಪು, ಪೈಪಿನ ಮೊಣಕೈಗಳು ಒಂದೊಂದೂ ಅದರಲ್ಲಿ ಪಾಲು ಕೇಳುವುವು. ಗಾಳಿಯ ಪ್ರಮಾಣದೊಡನೆ ಒತ್ತಡದ ಅಂಕಿಯನ್ನೂ ಬರೆದು, ಒತ್ತಡವೇರಿದಂತೆ ಗಾಳಿ ಎಷ್ಟು ಇಳಿಯುವುದೆಂಬ ಗೆರೆಯ ಪಟವನ್ನು ಕೊಟ್ಟಿರುವ ತಯಾರಕನನ್ನು ನಂಬಬಹುದು. ಬರಿಯ ದೊಡ್ಡ ಅಂಕಿಯನ್ನು ಕೂಗುವವನನ್ನು ದೂರವಿಡುವುದು ಕ್ಷೇಮ. ಕಂಪ್ಯೂಟರಿನೊಳಗಿನ ಚಿಕ್ಕ ಫ್ಯಾನುಗಳನ್ನು ಪೈಪಿಗೆ ಸಿಕ್ಕಿಸಿ ಉಳಿತಾಯ ಮಾಡಹೋಗುವವರು ಇಲ್ಲಿಯೇ ಮೋಸಹೋಗುವರು. ಬಯಲಲ್ಲಿ ಚೆನ್ನಾಗಿ ಬೀಸುವ ಅವು ಪೈಪಿನ ಎದುರು ಉಸಿರುಕಟ್ಟುವುವು. ಸಾದಾ ರೆಕ್ಕೆಯ ಅಗ್ಗದ ‘ಬೂಸ್ಟರ್’ ಫ್ಯಾನುಗಳ ಹಣೆಬರಹವೂ ಬಹುಮಟ್ಟಿಗೆ ಹಾಗೆಯೇ. ಪೈಪು ಹತ್ತಡಿಗೆ ಮೀರಿದರೆ ‘ಮಿಕ್ಸೆಡ್ ಫ್ಲೋ’ ಎಂಬ ಬಗೆಯೇ ಸಾಮಾನ್ಯ ಮನೆಗೆ ಸರಿಯಾದುದು. ‘ಸೆಂಟ್ರಿಫ್ಯೂಗಲ್’ ಬಗೆಯದು ಇನ್ನೂ ಬಲವಾದುದು. ಇಷ್ಟು ಕೆಲಸಕ್ಕೆ ಅದರ ಅಗತ್ಯವು ಅಪರೂಪ.

ಅಗ್ಗವಾಗಬೇಕಾದರೆ ಫ್ಯಾನಿನಲ್ಲಿ ಅಲ್ಲ, ಪೈಪಿನಲ್ಲಿ ಬುದ್ಧಿಯನ್ನು ಖರ್ಚುಮಾಡಬೇಕು. ಅಷ್ಟೇ ಗಾಳಿಯನ್ನು ನಾಲ್ಕು ಅಂಗುಲದ ಪೈಪಿಗೆ ಬದಲಾಗಿ ಆರು ಅಂಗುಲದ ಪೈಪಿನಲ್ಲಿ ಸಾಗಿಸಿದರೆ, ಪೈಪಿನ ತಡೆಯು ಸುಮಾರು ಏಳರಲ್ಲೊಂದು ಪಾಲಿಗೆ ಇಳಿಯುವುದು. ಸುಕ್ಕುಸುಕ್ಕಾದ ಬಗ್ಗುವ ಪೈಪು ಕಣ್ಣಿಗೆ ಅನುಕೂಲವಾಗಿ ಕಂಡರೂ ಪ್ರತಿ ಸುಕ್ಕಿನಲ್ಲಿಯೂ ಗಾಳಿಯನ್ನು ಹಿಡಿಯುವುದು. ನೀರಿನ ಅಂಗಡಿಯಲ್ಲಿ ಸಿಕ್ಕುವ, ಹೊರಮೈ 160 ಮಿಲಿಮೀಟರಿನ ಪಿ.ವಿ.ಸಿ. ಪೈಪಿನೊಳಗೆ 150 ಮಿಲಿಮೀಟರು ಫ್ಯಾನಿನ ಬಾಯಿ ಬಹುಮಟ್ಟಿಗೆ ಕೂಡುವುದು. ಉಳಿದ ಸಂದಿಗೆ ರಬ್ಬರು ಪಟ್ಟಿ ಸಾಕು. ಪೈಪನ್ನು ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಕಟ್ಟಿ, ಫ್ಯಾನಿಗೆ ಮುಂಚೆ ಅಡಿಯಲ್ಲಿ ಚಿಕ್ಕದೊಂದು ತೂತು ಬಿಟ್ಟರೆ, ಒಳಗೆ ಸೇರಿದ ತೇವವು ಮೋಟಾರಿಗೆ ಹರಿಯದು. ಮೇಲೆ ಹೇಳಿದ ಕೋಣೆಗೆ ನೂರು ಮಿಲಿಮೀಟರಿನ ಚಿಕ್ಕ ಫ್ಯಾನನ್ನು ತಂದು ಹಗಲಿರುಳು ಕೂಗಿಸುವುದಕ್ಕಿಂತ, ನೂರೈವತ್ತರದನ್ನು ಕೆಳಗಿನ ವೇಗದಲ್ಲಿ ಓಡಿಸುವುದು ಲೇಸು. ವೇಗವು ಅರ್ಧವಾದರೆ ಗಾಳಿಯೂ ಅರ್ಧವಾಗುವುದು, ರೆಕ್ಕೆಯು ಬೇಡುವ ಶಕ್ತಿಯಾದರೋ ಎಂಟರಲ್ಲೊಂದು ಪಾಲಾಗುವುದು. ಸಾದಾ ಮೋಟಾರಿನಲ್ಲಿ ಈ ಉಳಿತಾಯವು ಪೂರ್ಣವಾಗಿ ಕೈಗೆ ಬರುವುದಿಲ್ಲ, ‘ಇ.ಸಿ.’ ಮೋಟಾರಿನಲ್ಲಿ ಹೆಚ್ಚು ಬರುವುದು. ಮಾಳಿಗೆಯ ಫ್ಯಾನಿನ ಹಳೆಯ ರೆಗ್ಯುಲೇಟರನ್ನು ಯಾವ ಮೋಟಾರಿಗೂ ಜೋಡಿಸಬಹುದೆಂಬುದು ತಪ್ಪು. ತಯಾರಕನು ಹೇಳಿದುದನ್ನೇ ಹಾಕಬೇಕು.

ಬೆಲೆಯ ಚೀಟಿಯಲ್ಲಿ ಬರೆಯದ ಬೆಲೆಯೊಂದುಂಟು. 35 ವಾಟಿನ ಫ್ಯಾನು ಹಗಲಿರುಳು ಓಡಿದರೆ ಮೂವತ್ತು ದಿನಗಳಿಗೆ ಸುಮಾರು 25 ಯೂನಿಟ್ಟು ವಿದ್ಯುತ್ತು, 100 ವಾಟಿನದಕ್ಕೆ 72. ಕೊಳ್ಳುವಾಗ ಉಳಿದ ಹಣವು ಹೀಗೆ ಬಿಲ್ಲಿನಲ್ಲಿ ಹೊರಟುಹೋಗುವುದು. ಸಮುದ್ರದ ಗಾಳಿಯು ಎರಡನೆಯ ತೆರಿಗೆ. ಕಾರವಾರದ ಉಪ್ಪುಗಾಳಿಯಲ್ಲಿ ತಗಡಿನ ಹೊದಿಕೆಯೂ ಸಾದಾ ಕಬ್ಬಿಣದ ತಿರುಪುಗಳೂ ಬೇಗನೆ ತುಕ್ಕು ಹಿಡಿಯುವುವು. ಗಟ್ಟಿ ಪ್ಲಾಸ್ಟಿಕಿನ ಹೊದಿಕೆ, ತುಕ್ಕುಹಿಡಿಯದ ಉಕ್ಕಿನ ತಿರುಪು, ಬಾಲ್ ಬೇರಿಂಗು ಇರುವುದನ್ನು ಆರಿಸಬೇಕು. ಅಣಬೆಯ ಕೋಣೆಯ ತೇವವು ನೂರಕ್ಕೆ ಎಂಬತ್ತು ಎಂಬತ್ತೈದರ ಮಟ್ಟದ್ದು. ನೀರು ಸಿಡಿದರೂ ತಾಳುವ ‘ಐ.ಪಿ. 44’ ಗುರುತಿಲ್ಲದ ಮೋಟಾರನ್ನು ಎಷ್ಟೇ ಅಗ್ಗವಾದರೂ ಬಿಡುವುದು ಮೇಲು.

ಋತುವಿನ ಮಾತು ಪೇಟೆಯ ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಈ ಕರಾವಳಿಯ ಹೊರಗಿನ ಗಾಳಿಯೇ ತೊಯ್ದು ಬಂದಂತಿರುವುದು. ಎಷ್ಟು ಗಾಳಿ ಬದಲಿಸಿದರೂ ಕೋಣೆ ಒಣಗದು. ಆಗ ಫ್ಯಾನನ್ನು ಧಾರಾಳವಾಗಿ ಬಿಡಬಹುದು. ಚಳಿಗಾಲದ ಬೆಳಗಿನಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸುವಾಗ ಅದೇ ವೇಗವು ಮೊಗ್ಗುಗಳ ಅಂಚನ್ನು ಸೀಳುವುದು. ವೇಗವನ್ನಿಳಿಸಿ, ಗಾಳಿಯು ಬರುವ ದಾರಿಯಲ್ಲಿ ತೇವದ ಗೋಣಿಯನ್ನು ತೂಗಬೇಕು. ಚೈತ್ರ ವೈಶಾಖಗಳಲ್ಲಿ ಹೊರಗಿನ ಗಾಳಿ ಒಳಕ್ಕೆ ಸೆಕೆಯನ್ನೇ ತರುವುದರಿಂದ ಮುಖ್ಯವಾಗಿ ರಾತ್ರಿಯ ಹೊತ್ತು ಓಡಿಸಿ, ಹಗಲು ಆಗಾಗ ಹತ್ತು ನಿಮಿಷ ಬಿಟ್ಟರೆ ಒಳಿತು. ವೇಗವನ್ನು ಬದಲಿಸಲಾಗದ ಫ್ಯಾನು ಇದೇ ಕಾರಣದಿಂದ ಇಲ್ಲಿಗೆ ಒಗ್ಗದು. ಇನ್ನು ವಿದ್ಯುತ್ತಿನ ವಿಷಯ. ಕಾರವಾರ ತಾಲೂಕಿನ ಕೈಗಾದಲ್ಲಿಯೇ 2000ದಿಂದ ಅದು ಹುಟ್ಟುತ್ತಿದ್ದರೂ, ಮರ ಬಿದ್ದು ತಂತಿ ಹರಿದ ಮಳೆಯ ರಾತ್ರಿ ಅಂಕೋಲೆಯ ಹಳ್ಳಿಗಳಿಗೆ ಬೆಳಕಿರುವುದಿಲ್ಲ. ಮೊಗ್ಗಿನ ಕಾಲದಲ್ಲಿ ಹಾಗಾದರೆ ಬಾಗಿಲಿಗೆ ಬಲೆಯ ಪರದೆ ಕಟ್ಟಿ ತೆರೆದಿಡುವ ಏರ್ಪಾಡು ಮೊದಲೇ ಇರಬೇಕು. ಪರದೆಯ ಬಾಗಿಲು ಬಯಲಿಗಿರಲಿ. ಮಲಗುವ ಕೋಣೆಯ ಕಡೆಗಲ್ಲ.

ಗಾಳಿಯು ಹೊರಕ್ಕೆ ಹೋಗುವ ದಾರಿಯಷ್ಟೇ ಮುಖ್ಯವಾದುದು ಒಳಕ್ಕೆ ಬರುವ ದಾರಿ. ಎದುರು ಗೋಡೆಯ ಕೆಳಭಾಗದಲ್ಲಿ ಪೈಪಿನ ಬಾಯಿಗಿಂತ ಎರಡು ಮೂರು ಪಾಲು ದೊಡ್ಡ ಕಿಂಡಿಯನ್ನು ಬಿಟ್ಟು ನೊಣ ನುಸುಳದ ಸಣ್ಣ ಬಲೆಯನ್ನು ಬಿಗಿಯಬೇಕು. ಬಲೆಯ ಎಳೆಗಳೇ ಕಿಂಡಿಯ ಬಹುಭಾಗವನ್ನು ತಿನ್ನುವುದರಿಂದ ಅಷ್ಟು ಅಗಲ ಬೇಕು. ಚಿರೇಕಲ್ಲಿನ ಗೋಡೆಯ ಮೇಲೆ ಮಂಗಳೂರು ಹಂಚು ಹೊದಿಸಿದ ಮನೆಗಳಲ್ಲಿ ಮಾತ್ರ ಒಂದು ತೊಡಕುಂಟು. ಮಾಳಿಗೆಯಿಲ್ಲದಿದ್ದರೆ ಫ್ಯಾನು ಕಿಂಡಿಯಿಂದ ಎಳೆಯದೆ ಹಂಚಿನ ಸಂದುಗಳಿಂದಲೇ ಎಳೆಯುವುದು. ಗಾಳಿಯು ಮೇಲಿನಿಂದ ಮೇಲೆಯೇ ಹೋಗಿ ಚೀಲಗಳ ಬಳಿ ಸುಳಿಯದು, ನೊಣಗಳು ಮಾತ್ರ ತಪ್ಪದೆ ಬರುವುವು. ಅಂತಹ ಕೋಣೆಗೆ ಫ್ಯಾನನ್ನು ಕೊಳ್ಳುವುದಕ್ಕೆ ಮುಂಚೆ ಪ್ಲಾಸ್ಟಿಕ್ ಹಾಳೆಯ ಮಾಳಿಗೆಯೊಂದನ್ನು ಕಟ್ಟಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಉಪಕರಣಗಳಿಲ್ಲದೆಯೂ ಪರೀಕ್ಷಿಸಬಹುದು. ಊದುಬತ್ತಿಯನ್ನು ಹಚ್ಚಿ ಕಿಂಡಿಯ ಹೊರಗೆ ಹಿಡಿದರೆ ಹೊಗೆಯು ಒಳಕ್ಕೆ ಬಾಗಬೇಕು. ಮನೆಯ ಕಡೆಯ ಬಾಗಿಲಿನ ಸಂದಿಯಲ್ಲಿಯೂ ಹಾಗೆಯೇ ಕೋಣೆಯ ಕಡೆಗೇ ಬಾಗಬೇಕು. ಹೊಗೆಯು ಮನೆಯ ಕಡೆಗೆ ತಿರುಗಿದರೆ ಆ ಫ್ಯಾನು ಇನ್ನೂ ತನ್ನ ಕೆಲಸವನ್ನು ಮಾಡುತ್ತಿಲ್ಲ. ಪೈಪಿನ ಹೊರಬಾಯಿಯು ನೈಋತ್ಯದ ಮಳೆಗಾಳಿಗೆ ಎದುರಾಗದಂತೆ ಪೂರ್ವಕ್ಕೋ ಉತ್ತರಕ್ಕೋ ಕೆಳಮುಖವಾಗಿ ತಿರುಗಿರಲಿ, ನೆರೆಯವರ ಕಿಟಕಿಯಿಂದಲೂ ಕೊಟ್ಟಿಗೆಯಿಂದಲೂ ದೂರವಿರಲಿ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಕೋಣೆಯನ್ನು ತೊಳೆದು ಬಿಡುವು ಕೊಡುವಾಗ, ವಿದ್ಯುತ್ತನ್ನು ತೆಗೆದು, ಬಲೆಯನ್ನು ಬಿಚ್ಚಿ ಒಗೆದು, ರೆಕ್ಕೆಗಳಿಗೆ ಮೆತ್ತಿದ ಬಿಳಿಯ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಡಬೇಕು.