ಕಾವೇರಿಯ ತೀರ್ಪೂ ನಮ್ಮ ಓದೂ

ಕಾವೇರಿಯ ಎರಡು ಕವಲುಗಳ ನಡುವೆ ನೆಲಸಿರುವ ಶ್ರೀರಂಗಪಟ್ಟಣದಲ್ಲಿ, ಮಳೆ ತಪ್ಪಿದ ವರ್ಷ, ನೀರಿನ ಘೋಷಣೆಗಳು ಬೀದಿಬೀದಿಯಲ್ಲಿ ಮೊಳಗುವುವು. ನಾವೂ ಅವುಗಳಿಗೆ ದನಿಗೂಡಿಸಿದವರೇ. ಆದರೆ ಯಾವ ತೀರ್ಪಿನ ವಿಷಯದಲ್ಲಿ ಇಷ್ಟು ಆವೇಶವೋ, ಆ ತೀರ್ಪನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ವಾಚಕರೇ, ಈ ಪ್ರಶ್ನೆಗೆ ನಾವೆಲ್ಲರೂ ತಲೆತಗ್ಗಿಸಬೇಕಾಗಿದೆ.

ಗ್ರಂಥ ದೊಡ್ಡದೆಂಬುದು ನಿಜ. 1990ರಲ್ಲಿ ರಚಿತವಾದ ನ್ಯಾಯಾಧಿಕರಣವು 2007ರಲ್ಲಿ ಕೊಟ್ಟ ಅಂತಿಮ ತೀರ್ಪು ಐದು ಸಂಪುಟಗಳಷ್ಟಿದೆ. ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪು 465 ಪುಟಗಳದು. ಇವನ್ನು ಕಾದಂಬರಿಯಂತೆ ಮೊದಲ ಪುಟದಿಂದ ಓದಹೊರಟವನು ಹತ್ತನೆಯ ಪುಟದಲ್ಲಿಯೇ ಸೋಲುವನು. ವಕೀಲರಾದ ನಾವು ಅನುಸರಿಸುವ ಕ್ರಮ ಬೇರೆ. ಮೊದಲು ಕೊನೆಯ ಆಜ್ಞೆಯನ್ನು ಓದಬೇಕು, ಅನಂತರ ವಿವಾದಾಂಶಗಳನ್ನು, ಆಮೇಲೆ, ಯಾವ ಅಂಶ ನಮ್ಮನ್ನು ಮುಟ್ಟುವುದೋ ಅದರ ವಾದವನ್ನೂ ಪ್ರತಿವಾದವನ್ನೂ. ಎದುರಾಳಿಯ ವಾದವನ್ನು ಬಿಟ್ಟು ಓದಿದವನು ಅರ್ಧವನ್ನೇ ಓದಿದವನು. ಪಾರಿಭಾಷಿಕ ಪದ ಬಂದಲ್ಲಿ ನಿಂತು, ಅದರ ಅರ್ಥವನ್ನು ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬೇಕು; ಹಾಗೆ ಬರೆಯಲಾಗದಿದ್ದರೆ ಅದು ನಮಗೆ ತಿಳಿದಿಲ್ಲವೆಂದೇ ಅರ್ಥ.

ಒಂದು ನಿದರ್ಶನವನ್ನು ನೋಡೋಣ. 2018ರ ತೀರ್ಪಿನಂತೆ ತಮಿಳುನಾಡಿನ ಪಾಲು 404.25 ಟಿ.ಎಂ.ಸಿ., ಕರ್ನಾಟಕದ ಪಾಲು 284.75. ಇದನ್ನು ಕೇಳಿದೊಡನೆ, ಅಷ್ಟು ನೀರನ್ನೂ ನಾವೇ ಬಿಡಬೇಕೆಂದು ಹೌಹಾರುವವರುಂಟು. ಹಾಗಲ್ಲ, ತಮಿಳುನಾಡಿನ ಪಾಲಿನಲ್ಲಿ ಆ ನಾಡಿನಲ್ಲಿಯೇ ದೊರೆಯುವ ನೀರೂ ಸೇರಿದೆ. ನಾವು ಬಿಳಿಗುಂಡ್ಲುವಿನಲ್ಲಿ ದಾಟಿಸಬೇಕಾದುದು 177.25, 2007ರಲ್ಲಿ ಅದು 192 ಆಗಿದ್ದಿತು. ಹೀಗೆ ನಮಗೆ ಹೆಚ್ಚಾಗಿ ದೊರೆತ 14.75ರಲ್ಲಿ 10 ತಮಿಳುನಾಡಿನ ಅಂತರ್ಜಲವನ್ನು ಗಣಿಸಿದುದರಿಂದಲೂ 4.75 ಬೆಂಗಳೂರಿನ ಅಗತ್ಯಕ್ಕಾಗಿಯೂ ಬಂದುದು. ಕಡತಗಳನ್ನು ಓದಿ ವಾದಿಸಿದವರಿಗೆ ಇದರಲ್ಲಿ ಸಲ್ಲಬೇಕಾದ ಪಾಲು ಸಣ್ಣದಲ್ಲ.

ಇನ್ನೊಂದು ಅಂಶ. ಹಂಚಿಕೆಗೆ ಆಧಾರವಾದ 740 ಟಿ.ಎಂ.ಸಿ. ‘ಶೇಕಡಾ 50 ವಿಶ್ವಾಸಾರ್ಹತೆ’ಯ ಲೆಕ್ಕ, ಎಂದರೆ ನೂರು ವರ್ಷಗಳಲ್ಲಿ ಸುಮಾರು ಐವತ್ತು ವರ್ಷ ಮಾತ್ರ ಅಷ್ಟು ನೀರನ್ನು ನಂಬಬಹುದು. ಕೊರತೆಯ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದು ನ್ಯಾಯಾಧಿಕರಣದ ತೀರ್ಪಿನಲ್ಲಿಯೇ ಇದೆ. ಬರಗಾಲದಲ್ಲಿ ನಮ್ಮ ರೈತನ ಕೈಯಲ್ಲಿರಬೇಕಾದ ಆಧಾರ ಈ ಒಂದು ವಾಕ್ಯ. ಅದನ್ನು ಅರಿಯದೆ ಎಷ್ಟು ಕೂಗಿದರೇನು? ಹಾಗೆಯೇ, ಆ ವಾಕ್ಯ ಕೆಳಗಿನ ರೈತನಿಗೂ ಸಲ್ಲುವುದೆಂಬುದನ್ನು ಮರೆತರೆ ನಮ್ಮ ವಾದ ನ್ಯಾಯದ ಮುಂದೆ ನಿಲ್ಲದು.

ಆದುದರಿಂದ ಉಪಾಧ್ಯಾಯ ಮಹಾಶಯರಲ್ಲಿ ನಮ್ಮದೊಂದು ಬಿನ್ನಹ. ಈ ತೀರ್ಪುಗಳು ಇಂಗ್ಲಿಷಿನಲ್ಲಿವೆ. ನೀರು ಕಟ್ಟುವವನ ಭಾಷೆ ಕನ್ನಡ. ವಾರಕ್ಕೊಂದು ಸಂಜೆ ಶಾಲೆಯ ಜಗಲಿಯಲ್ಲಿ ಒಬ್ಬ ಉಪಾಧ್ಯಾಯ, ಒಬ್ಬ ವಕೀಲ, ನಾಲ್ವರು ರೈತರು ಕುಳಿತು ಹತ್ತು ಪುಟಗಳನ್ನು ಕನ್ನಡದಲ್ಲಿ ಬಿಡಿಸಿ ಓದಲಿ. ವರ್ಷ ತುಂಬುವುದರೊಳಗೆ 465 ಪುಟಗಳೂ ಮುಗಿಯುವುವು. ಹನಿಗೂಡಿದರೆ ಹಳ್ಳವೆಂಬ ಗಾದೆ ನೀರಿಗೆ ಸಲ್ಲುವಂತೆ ಓದಿಗೂ ಸಲ್ಲುವುದು. ಮೊದಲ ಸಂಜೆಗೆ ನಾವು ಸಿದ್ಧರಿದ್ದೇವೆ.